ಲಂಡನ್–ಬೆಂಗಳೂರು: ದೂರ ಒಂದೇ, ಲೆಕ್ಕ ಮೂರು

ಲಂಡನ್‌ನ ಹೀಥ್ರೂದಿಂದ ಬೆಂಗಳೂರಿಗೆ ಎಷ್ಟು ದೂರ ಎಂದು ಫೋನಿನಲ್ಲಿ ಹುಡುಕಿದರೆ ಸುಮಾರು 8,000 ಕಿ.ಮೀ. ಎಂದು ಬರುತ್ತದೆ. ಭೂಗೋಳದ ಮೇಲೆ ಎರಡು ಊರಿನ ನಡುವೆ ದಾರ ಬಿಗಿದು ಹಿಡಿದರೆ ಸಿಗುವ ಅಳತೆ ಅದು. ಆದರೆ ಟಿಕೆಟ್ ತೆಗೆಯುವವರ ಜೇಬಿಗೆ ಇದೇ ದೂರ ಮೂರು ಲೆಕ್ಕದಲ್ಲಿ ಬರುತ್ತದೆ. ಅಪ್ಪ ಗಲ್ಫ್‌ನಲ್ಲಿ, ಮಗ ಲಂಡನ್‌ನಲ್ಲಿ, ಅಮ್ಮ ಊರಿನಲ್ಲಿ ಇರುವ ಮನೆಗಳು ಇದನ್ನು ತಿಳಿದುಕೊಂಡಿರಬೇಕು.

ಮೊದಲನೆಯದು, ವಿಮಾನ ನಿಜವಾಗಿ ಹಾರುವ ದೂರ. ಆ ದಾರ ಬಲೂಚಿಸ್ತಾನ, ಇರಾನ್, ಅಜರ್‌ಬೈಜಾನ್ ದಾಟಿ ಕಪ್ಪು ಸಮುದ್ರ, ಉಕ್ರೇನ್ ಕಡೆಯಿಂದ ಹೋಗುತ್ತದೆ. ಉಕ್ರೇನ್ ಆಕಾಶ 2022ರ ಫೆಬ್ರವರಿಯಿಂದ ಬಂದ್. 2025ರ ಏಪ್ರಿಲ್ 24ರಂದು ಪಾಕಿಸ್ತಾನವೂ ಭಾರತದ ವಿಮಾನಗಳಿಗೆ ಬಾಗಿಲು ಹಾಕಿತು, ಆಮೇಲೆ ಆ ಆದೇಶವನ್ನು ತಿಂಗಳು ತಿಂಗಳು ಮುಂದಕ್ಕೆ ಹಾಕುತ್ತ ಹೋಯಿತು. ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್‌ಗೆ ಆ ತಡೆ ಇಲ್ಲ. ಏರ್ ಇಂಡಿಯಾ ಮಾತ್ರ ಅರಬ್ಬೀ ಸಮುದ್ರದ ಮೇಲೆ ಸುತ್ತಿ ಬರಬೇಕು. ಅದೇ ವರ್ಷ ಜೂನ್‌ನಲ್ಲಿ ಇರಾನ್ ಆಕಾಶವೂ ಮುಚ್ಚಿತು. 23ರ ರಾತ್ರಿ ಕತಾರ್, ಯುಎಇ, ಕುವೈತ್, ಬಹ್ರೈನ್ ಸಹ ಕೆಲವು ಗಂಟೆ ಮುಚ್ಚಿದ್ದು ನಮ್ಮವರು ಮರೆತಿರಲಾರರು. ಸುತ್ತು ಹೆಚ್ಚಿದರೆ ಇಂಧನದ ಖರ್ಚೂ ಹೆಚ್ಚು.

ಎರಡನೆಯದು ಬ್ರಿಟನ್ ಸರ್ಕಾರದ ಏರ್ ಪ್ಯಾಸೆಂಜರ್ ಡ್ಯೂಟಿ. ಇದರ ಲೆಕ್ಕ ವಿಚಿತ್ರ. ನೀವು ಇಳಿಯುವ ಊರಿನದಲ್ಲ, ಲಂಡನ್‌ನಿಂದ ಆ ದೇಶದ ರಾಜಧಾನಿಗೆ ಇರುವ ದೂರ. ಅಂದರೆ ಬೆಂಗಳೂರಿಗೆ ಹೋದರೂ ಅಳೆಯುವುದು ದೆಹಲಿಯವರೆಗೆ. 2,001ರಿಂದ 5,500 ಮೈಲಿವರೆಗೆ ಒಂದೇ ದರ. 2026ರ ಏಪ್ರಿಲ್‌ನಿಂದ ಎಕಾನಮಿಗೆ 102 ಪೌಂಡ್. ಅಬುಧಾಬಿಯೂ ಅದೇ ಪಟ್ಟಿಯಲ್ಲಿ ಬರುವುದರಿಂದ, ದುಬೈಯಲ್ಲಿರುವ ಅಪ್ಪನನ್ನು ನೋಡಲು ಬರುವ ಮಗನೂ ಊರಿಗೆ ಹೋಗುವವರಷ್ಟೇ ತೆರಿಗೆ ಕಟ್ಟುತ್ತಾನೆ! ಎಕಾನಮಿಯಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಈ ತೆರಿಗೆ ಇಲ್ಲ.

ಮೂರನೆಯದನ್ನು ನಮ್ಮವರಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ. ಅದು ವಿಮಾನ ತಡವಾದರೆ ಸಿಗುವ ಪರಿಹಾರ. ಬ್ರಿಟನ್‌ನ ನಿಯಮದಲ್ಲಿ ದಾರದ ಅಳತೆಯೇ ಲೆಕ್ಕ, ಎಷ್ಟು ಸುತ್ತಿದರು ಅನ್ನುವುದಲ್ಲ. 3,500 ಕಿ.ಮೀ. ಮೀರಿದ ಪ್ರಯಾಣದಲ್ಲಿ ತಲುಪುವುದು ನಾಲ್ಕು ಗಂಟೆಗಿಂತ ತಡವಾದರೆ 520 ಪೌಂಡ್, ಮೂರರಿಂದ ನಾಲ್ಕು ಗಂಟೆಯಾದರೆ 260. ಯುದ್ಧದಿಂದ ಆಕಾಶ ಮುಚ್ಚಿದ್ದರೆ ಈ ದುಡ್ಡು ಸಿಗದು, ಆದರೂ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಕೊಡಲೇಬೇಕು.

ಲಂಡನ್‌ನಿಂದ ದುಬೈ ಮೂಲಕ ಮಂಗಳೂರಿಗೆ ಒಂದೇ ಬುಕಿಂಗ್ ಇದ್ದರೆ ಮಂಗಳೂರಿನವರೆಗಿನ ತಡ ಲೆಕ್ಕಕ್ಕೆ ಬರುತ್ತದೆ. ದುಬೈಯಲ್ಲಿ ಕನೆಕ್ಷನ್ ತಪ್ಪಿದವರ ಪರವಾಗಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ 2017ರಲ್ಲಿ ಎಮಿರೇಟ್ಸ್ ಪ್ರಕರಣದಲ್ಲಿ ಹೀಗೆಯೇ ತೀರ್ಪು ಕೊಟ್ಟಿದೆ. ಸ್ವಲ್ಪ ದುಡ್ಡು ಉಳಿಸಲು ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ ಆ ರಕ್ಷಣೆ ದುಬೈಗೇ ಮುಗಿಯಿತು. ಇನ್ನು ಊರಿನಿಂದ ಗಲ್ಫ್ ಕಂಪನಿಯ ವಿಮಾನದಲ್ಲಿ ಲಂಡನ್‌ಗೆ ವಾಪಸ್ ಹೋಗುವಾಗ ಈ ನಿಯಮ ಅನ್ವಯಿಸುವುದೇ ಇಲ್ಲ. ಬ್ರಿಟನ್ ಅಥವಾ ಯುರೋಪಿನ ಕಂಪನಿಯಾಗಿದ್ದರೆ ಮಾತ್ರ ಆ ದಾರಿಯಲ್ಲೂ ಕೇಳಬಹುದು.