ನಕ್ಷೆ ಬರೆಯುವ ಪೆನ್ಸಿಲ್ ಯಾರ ಕೈಯಲ್ಲಿ?

ಹೋದ ಬೇಸಿಗೆಯಲ್ಲಿ ನನ್ನ ತಮ್ಮ ಸಾಗರದ ಹತ್ತಿರ ಮನೆ ಕಟ್ಟಿಸಲು ಹೊರಟ. ಅವನಿಗೆ ಬೇಕಾದದ್ದು ಅಜ್ಜನ ಮನೆಯಂಥ ದೊಡ್ಡ ಮರದ ಮನೆ. ನಡುವೆ ತೊಟ್ಟಿ, ಸುತ್ತ ಹಲಸಿನ ಕಂಬ, ಮರದ ಮುಚ್ಚಿಗೆ, ಮೇಲೆ ಮಂಗಳೂರು ಹೆಂಚು. ಯಾರೋ ಕಳಚಿದ ಹಳೆಯ ಮನೆಯ ಹನ್ನೆರಡು ಕಂಬಗಳನ್ನು ಆಗಲೇ ಕೊಂಡು ತಂದಿದ್ದ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ಅಕ್ಕಾ, ಹೇಗಿದೆ ನೋಡು" ಎಂದ. ಸುತ್ತ ಕೂತಿದ್ದವರು ತಮ್ಮ, ಅವನ ಮಾವ, ಇಂಜಿನಿಯರು, ಬಡಗಿ ಮತ್ತು ವಾಸ್ತು ಹೇಳುವವರು. ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡಾಡಬೇಕಾದ ತಮ್ಮನ ಹೆಂಡತಿ ಅವರಿಗೆಲ್ಲ ಕಾಫಿ ಮಾಡಲು ಒಳಗೆ ಹೋಗಿದ್ದಳು.

ನಕ್ಷೆಯಲ್ಲಿ ಜಗಲಿ 30 ಅಡಿ ಉದ್ದ. ಪಡಸಾಲೆ 22 ಅಡಿಗೆ 16 ಅಡಿ. ಅಡಿಗೆಮನೆ ಆಗ್ನೇಯ ಮೂಲೆಯಲ್ಲಿ 9 ಅಡಿಗೆ 8 ಅಡಿ. ಅದಕ್ಕಿದ್ದ ಒಂದೇ ಕಿಟಕಿಯ ಹೊರಗೆ ಕಾರಿನ ಶೆಡ್ಡು!

ಹಳೆಯ ತೊಟ್ಟಿಮನೆಗಳನ್ನು ಹಾಡಿ ಹೊಗಳುವವರನ್ನು ಕಂಡಾಗಲೆಲ್ಲ ನನಗೆ ಕೇಳಬೇಕೆನಿಸುತ್ತದೆ: ಆ ಮನೆಯಲ್ಲಿ ನೀವು ಕೂರುತ್ತಿದ್ದದ್ದು ಎಲ್ಲಿ? ಜಗಲಿಯಲ್ಲಿ ಕೂತವರಿಗೆ ಅದು ಸ್ವರ್ಗವೇ ಸರಿ. ನನ್ನ ಅಮ್ಮ ಕೂರುತ್ತಿದ್ದದ್ದು ಹಿಂದಿನ ಅಡಿಗೆಮನೆಯಲ್ಲಿ, ಸೌದೆ ಒಲೆಯ ಮುಂದೆ. ಅಲ್ಲಿಗೆ ಬೆಳಕು ಬರುತ್ತಿದ್ದದ್ದು ಒಂದೇ ಒಂದು ಗಾಜಿನ ಹೆಂಚಿನಿಂದ. ಆ ಮನೆಯ ತೊಲೆಗಳ ಕಪ್ಪು ಹೊಳಪನ್ನು ಇಂದು ಮೆಚ್ಚುತ್ತಾರೆ. ಅದೇ ಹೊಗೆ ಅಮ್ಮನ ಕಣ್ಣಿಗೂ ಹೋಗಿತ್ತು. ಬಚ್ಚಲು ತೊಟ್ಟಿಯ ಆಚೆಗೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ತುಂಬಿದ ಕೊಡ ಹೊತ್ತು ಅವಳು ದಿನಕ್ಕೆಷ್ಟು ಸಲ ದಾಟಿದಳೋ!

ಹಳಬರಿಗೆ ಮನೆ ಕಟ್ಟಲು ತಿಳಿಯುತ್ತಿರಲಿಲ್ಲ ಎನ್ನುತ್ತಿಲ್ಲ. ಮರಕ್ಕೆ ನೀರು, ಗೆದ್ದಲು ಶತ್ರುಗಳೆಂದು ಬಲ್ಲವರು ಕಂಬದ ಬುಡಕ್ಕೆ ಕಲ್ಲು ಕೊಟ್ಟರು, ಗೋಡೆಗೆ ಇರಚಲು ಬಡಿಯದಂತೆ ಮಾಡನ್ನು ಕೆಳಗೆ ಇಳಿಸಿದರು. ಮಳೆಯ ನೀರು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದವರು, ಮನೆಯ ಹೆಂಗಸು ಎಲ್ಲಿ ನಡೆಯುತ್ತಾಳೆಂದು ಲೆಕ್ಕ ಹಾಕಲಿಲ್ಲ. ಕಂಬದ ಬುಡಕ್ಕೆ ಸಿಕ್ಕ ಮರ್ಯಾದೆ ಅವಳ ಕಾಲಿಗೆ ಸಿಗಲಿಲ್ಲ.

ಲೆಕ್ಕ ಹಾಕಿದವರು ಬೇರೆ ಕಡೆ ಇದ್ದರು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ, ಅಡಿಗೆಯ ಕೆಲಸಕ್ಕೆ ಹಿಡಿಯುವ ಹೊತ್ತು ಮತ್ತು ಹೆಜ್ಜೆಗಳನ್ನು ಗಮನಿಸಿ ಒಂದು ಅಡಿಗೆಮನೆ ರೂಪಿಸಿದರು. ಅಂಥವು ಸುಮಾರು 10,000 ಮನೆಗಳಲ್ಲಿ ಬಂದವು. ಅದರ ಅಗಲ 6 ಅಡಿಗಿಂತ ತುಸು ಹೆಚ್ಚು, ಉದ್ದ 11 ಅಡಿ. ಒಬ್ಬಳೇ ನಿಲ್ಲುವಷ್ಟು ಜಾಗ ಎಂಬ ಆಕ್ಷೇಪ ಆಮೇಲೆ ಬಂತು, ಅದು ನಿಜವೇ. ಆದರೂ ಅಲ್ಲಿ ಒಂದೊಂದು ಇಂಚನ್ನೂ ಕೆಲಸ ಮಾಡುವವಳನ್ನು ನೆನೆದು ಇಟ್ಟಿದ್ದರು. ನಮ್ಮ ಜಾಗ ದೊಡ್ಡದು, ಯೋಚನೆಯೇ ಸಾಲದು.

"ಹೆಂಗಸರಿಗೆ ನಕ್ಷೆ ತಿಳಿಯುವುದಿಲ್ಲ" ಎಂದರು ತಮ್ಮನ ಮಾವ. ಒಂದು ಮೀಟರು ಬಟ್ಟೆಯಲ್ಲಿ ರವಿಕೆ ಕತ್ತರಿಸುವವಳಿಗೆ, ಚುಕ್ಕಿ ತಪ್ಪದೆ ರಂಗೋಲಿ ಹಾಕುವವಳಿಗೆ ನಕ್ಷೆ ತಿಳಿಯದೆ? ಮರುದಿನ ನಾವಿಬ್ಬರೂ ಸೈಟಿಗೆ ಹೋಗಿ, ರಂಗೋಲಿ ಪುಡಿಯಲ್ಲಿ ಇಡೀ ಮನೆಯನ್ನು ನೆಲದ ಮೇಲೆ ಅಳತೆಗೆ ಸರಿಯಾಗಿ ಬರೆದೆವು. ಆಮೇಲೆ ಅವಳು ದಿನದ ಕೆಲಸವನ್ನೆಲ್ಲ ಅಲ್ಲಿ ನಡೆದು ತೋರಿಸಿದಳು. ಒಲೆಯಿಂದ ಬಟ್ಟೆ ಒಗೆಯುವ ಕಲ್ಲಿಗೆ 42 ಹೆಜ್ಜೆ. ಉಗ್ರಾಣ ತೊಟ್ಟಿಯ ಆಚೆ. ಕೆತ್ತನೆಯ ಕಂಬಗಳ ಧೂಳು ಯಾರು ಒರೆಸುವುದು ಎಂದಳು. ಯಾರೂ ಉತ್ತರ ಕೊಡಲಿಲ್ಲ.

ಹೊಸ ನಕ್ಷೆಯಲ್ಲಿ ಅಡಿಗೆಮನೆ ಆಗ್ನೇಯದಲ್ಲೇ ಇದೆ, ಆದರೆ 14 ಅಡಿಗೆ 12 ಅಡಿ. ಒಂದು ಕಿಟಕಿ ತೊಟ್ಟಿಗೆ ತೆರೆಯುತ್ತದೆ, ಇನ್ನೊಂದು ತೋಟಕ್ಕೆ. ಕಾರಿನ ಶೆಡ್ಡು ಆಚೆ ಹೋಯಿತು. ಜಗಲಿ 6 ಅಡಿ ಕಡಿಮೆಯಾಯಿತು. ಆ ಜಾಗದಲ್ಲಿ ಅವಳಿಗೆಂದೇ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ ಬಂತು. ಮಾವನಿಗೆ ಇನ್ನೂ ಸಿಟ್ಟಿದೆ, ಇರಲಿ.

ಹಳೆಯ ಕಂಬಗಳನ್ನು ಧಾರಾಳವಾಗಿ ತನ್ನಿ, ಅವು ಚೆನ್ನಾಗಿವೆ. ಹಳೆಯ ನಕ್ಷೆಯನ್ನು ತರಬೇಡಿ. ನಿಮ್ಮ ಮನೆಯ ನಕ್ಷೆ ಮೇಜಿನ ಮೇಲೆ ಬಂದ ದಿನ ನೀವು ಅಲ್ಲೇ ಕೂತಿರಿ. ಕಾಫಿ ಬೇರೆ ಯಾರಾದರೂ ಮಾಡಲಿ.