ಕೊಠಡಿ ಬಂದಿತು, ಹಕ್ಕು ಬಂದಿತೆ?

ಬಸ್ ನಿಲ್ದಾಣಗಳಲ್ಲಿಯೂ ಸರಕಾರಿ ಕಟ್ಟಡಗಳಲ್ಲಿಯೂ ಹಾಲೂಡಿಸುವ ಕೊಠಡಿಗಳು ಒಂದೊಂದಾಗಿ ತೆರೆಯುತ್ತಿರುವುದನ್ನು ಕಂಡು, ತಾಯಂದಿರ ಹಕ್ಕಿನ ಪ್ರಶ್ನೆ ಇನ್ನು ಬಗೆಹರಿದಂತೆಯೇ ಸರಿ ಎಂದು ಸಂತೋಷಪಡುತ್ತಿರುವ ಅಂಕಣಕಾರ ಮಿತ್ರರ ಸಮಾಧಾನದಲ್ಲಿ ಪಾಲ್ಗೊಳ್ಳಲು ನನ್ನಿಂದಾಗದು. ಕೊಠಡಿಯು ಸೌಕರ್ಯ; ಹಕ್ಕೆಂಬುದು ಬೇರೆ. ಒಂದನ್ನು ಇನ್ನೊಂದೆಂದು ಎಣಿಸುವಲ್ಲಿ ಅಪಾಯವೂ ಉಂಟು: ಇಂದು ‘ಇಲ್ಲಿ ಕೊಠಡಿಯಿದೆ’ ಎನ್ನುವ ಫಲಕವು ನಾಳೆ ‘ಇಲ್ಲೇಕೆ ಕುಳಿತೆ, ಕೊಠಡಿಗೆ ನಡಿ’ ಎಂಬ ಗದರಿಕೆಯಾಗಿ ಪರಿಣಮಿಸಲು ಬಹಳ ಕಾಲ ಬೇಕಾಗದು.

2025ರ ಫೆಬ್ರುವರಿಯಲ್ಲಿ ‘ಮಾತೃ ಸ್ಪರ್ಶ್’ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆಯವರ ಸರ್ವೋಚ್ಚ ನ್ಯಾಯಾಲಯದ ಪೀಠವು, ಸಾರ್ವಜನಿಕ ಸ್ಥಳದಲ್ಲಿ ಹಾಲೂಡಿಸುವುದನ್ನು ಕಳಂಕವೆಂದು ಭಾವಿಸಲಾಗದೆಂದೂ, ಸ್ತ್ರೀಯ ಘನತೆಗೆ ಕುಂದು ತರುವ ಆಚರಣೆಗಳನ್ನು ತ್ಯಜಿಸುವುದು ಸಂವಿಧಾನದ 51ಎ ವಿಧಿಯಂತೆ ಪ್ರಜೆಗಳ ಕರ್ತವ್ಯವೆಂದೂ ನುಡಿದುದು ಸ್ತುತ್ಯವೇ. ಆದರೆ ಈ ತೀರ್ಪನ್ನು ಕೊಂಡಾಡಿದವರಲ್ಲಿ ಅದರ ಕಡೆಯ ಭಾಗವನ್ನು ಓದಿದವರೆಷ್ಟು ಮಂದಿ? ಅಲ್ಲಿರುವ ಆದೇಶ ಇಷ್ಟೆ: ಇಂಥ ಕೊಠಡಿಗಳ ಕುರಿತು 2024ರ ಫೆಬ್ರುವರಿ 27ರಂದು ಕೇಂದ್ರವು ರಾಜ್ಯಗಳಿಗೆ ಬರೆದಿದ್ದ ಸಲಹಾಪತ್ರಕ್ಕೆ ಒಂದು ನೆನಪೋಲೆಯನ್ನು ಕಳುಹಿಸತಕ್ಕದ್ದು. ಈಗಾಗಲೇ ಇರುವ ಸ್ಥಳಗಳಲ್ಲಿ ಸಾಧ್ಯವಾದ ಮಟ್ಟಿಗೆ ಅದನ್ನು ಪಾಲಿಸತಕ್ಕದ್ದು. ಇನ್ನು ಕಟ್ಟುವ ಕಟ್ಟಡಗಳಲ್ಲಿ ಜಾಗ ಮೀಸಲಿರಿಸತಕ್ಕದ್ದು. ಪ್ರಜೆಗಳ ಕರ್ತವ್ಯವನ್ನು ನೆನಪಿಸಬಹುದು, ಮೀರಿದವನನ್ನು ಅದರ ಬಲದಿಂದಲೇ ದಂಡಿಸಲು ಬಾರದು.

ನಮ್ಮ ಉಚ್ಚ ನ್ಯಾಯಾಲಯವು ಇದಕ್ಕೂ ಮೊದಲೇ ದೊಡ್ಡ ಮಾತನ್ನಾಡಿತ್ತು. ಹಾಲೂಡಿಸುವುದು ತಾಯಿಯಿಂದ ಬೇರ್ಪಡಿಸಲಾಗದ ಹಕ್ಕು, 21ನೆಯ ವಿಧಿಯ ರಕ್ಷಣೆ ಅದಕ್ಕುಂಟು ಎಂದು 2021ರಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಘೋಷಿಸಿದರು. ಆದರೆ ಅಲ್ಲಿದ್ದುದು ಹೆರಿಗೆಯ ಆಸ್ಪತ್ರೆಯಿಂದ ಕಳುವಾದ ಕೂಸೊಂದು ಹೆತ್ತವಳಿಗೆ ಸೇರಬೇಕೋ ಸಾಕಿದವಳಿಗೋ ಎಂಬ ವ್ಯಾಜ್ಯ. ಅಂಗಡಿಯ ಬಾಗಿಲಲ್ಲಿ ಅಡ್ಡಗಟ್ಟುವ ಕಾವಲುಗಾರನ ಮುಂದೆ, ಅಳುವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತವಳು, ಆ ತೀರ್ಪನ್ನು ನೆಚ್ಚಿ ರಿಟ್ ಅರ್ಜಿ ಬರೆಯಿಸಲು ಹೊರಡುವಳೆ?

ಹಾಗಾದರೆ ಶಾಸನದಲ್ಲಿ ಇರುವುದೇನು? ಹಾಲೂಡಿಸುವುದನ್ನು ನಿಷೇಧಿಸುವ ಕಾನೂನು ಭಾರತದಲ್ಲಿ ಯಾವುದೂ ಇಲ್ಲ. ತಡೆಯುವವನನ್ನು ತಡೆಯುವ ಕಾನೂನೂ ಇಲ್ಲ. ಇದಕ್ಕಿಂತ ವಿಷಾದಕರವಾದುದು, ಯಾರೂ ಗಮನಿಸದೆ ಬಿಟ್ಟಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಂ. ಸ್ತ್ರೀಯನ್ನು ಕದ್ದುನೋಡುವುದನ್ನೂ ಅವಳ ಚಿತ್ರ ತೆಗೆಯುವುದನ್ನೂ ಅಪರಾಧವೆನ್ನುವ ಈ ಕಲಮನ್ನು 2013ರಲ್ಲಿ ಹಳೆಯ ದಂಡಸಂಹಿತೆಗೆ ಸೇರಿಸಿದಾಗ, ‘ಖಾಸಗಿ ಕೃತ್ಯ’ವೆಂಬುದನ್ನು ಸ್ಥಳದ ಮೇಲಿಂದ ಅಳೆಯಲಾಯಿತು, ಏಕಾಂತವನ್ನು ನಿರೀಕ್ಷಿಸಬಹುದಾದ ಸ್ಥಳದಲ್ಲಿದ್ದರೆ ಮಾತ್ರ ರಕ್ಷಣೆ. 2024ರ ಜುಲೈಯಲ್ಲಿ ಹೊಸ ಸಂಹಿತೆಯು ಜಾರಿಗೆ ಬಂದಾಗಲೂ ಆ ಅಳತೆಗೋಲು ಹಾಗೆಯೇ ಉಳಿಯಿತು. ಫಲವೇನೆಂದರೆ, ಕೊಠಡಿಯ ಒಳಗಿರುವ ತಾಯಿಯ ಚಿತ್ರವನ್ನು ಕಿಟಕಿಯಿಂದ ತೆಗೆದವನು ಅಪರಾಧಿ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು ಕುಳಿತವಳ ಕಡೆಗೆ ಮೊಬೈಲು ಹಿಡಿದವನಿಗೆ ‘ಅದು ಬಯಲು ಸ್ಥಳ ಸ್ವಾಮಿ’ ಎಂಬ ಸಬೂಬು ಸಿದ್ಧ. ಮಾನಕ್ಕೆ ಕುಂದು ತರುವುದನ್ನು ದಂಡಿಸುವ 79ನೆಯ ಕಲಂ ಇದೆಯಲ್ಲವೆ ಎನ್ನುವವರಿದ್ದಾರೆ. ಅಲ್ಲಿ ಅವಮಾನಿಸುವ ಉದ್ದೇಶವನ್ನು ಸಾಬೀತುಪಡಿಸಬೇಕು. ಅಂಥ ಉದ್ದೇಶ ತನಗಿತ್ತೆಂದು ಒಪ್ಪಿಕೊಳ್ಳುವ ಮಹಾನುಭಾವನನ್ನು ನಾನಂತೂ ಕಂಡಿಲ್ಲ.

ಸ್ಕಾಟ್ಲೆಂಡು 2005ರಲ್ಲಿಯೇ ಈ ಗಂಟನ್ನು ಬಿಡಿಸಿತು. ಎರಡು ವರ್ಷದೊಳಗಿನ ಮಗುವಿಗೆ ಸಾರ್ವಜನಿಕ ಸ್ಥಳದಲ್ಲಿ ಹಾಲು ಕೊಡುವುದನ್ನು ಬೇಕೆಂದೇ ತಡೆಯುವವನು ಅಲ್ಲಿ ಅಪರಾಧಿ. ದಂಡವು 2,500 ಪೌಂಡುಗಳವರೆಗೆ. ಎದೆಹಾಲೋ ಬಾಟಲಿಯ ಹಾಲೋ ಎಂಬ ಭೇದವನ್ನೂ ಆ ಶಾಸನ ಮಾಡುವುದಿಲ್ಲ. ಇಂಗ್ಲೆಂಡು ಮತ್ತು ವೇಲ್ಸುಗಳು 2022ರಲ್ಲಿ, ಹಾಲೂಡಿಸುವವಳ ಚಿತ್ರವನ್ನು ಅವಳ ಸಮ್ಮತಿಯಿಲ್ಲದೆ ಕಾಮದೃಷ್ಟಿಯಿಂದಲೋ ಪೀಡಿಸುವ ದೃಷ್ಟಿಯಿಂದಲೋ ತೆಗೆಯುವವನಿಗೆ ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದವು. ಅವಳು ಕುಳಿತ ಸ್ಥಳ ಯಾವುದೆಂದು ಕೇಳುವ ಗೋಜಿಗೇ ಹೋಗಲಿಲ್ಲ.

ಪರದೇಶದ ಮಾತು ನಮಗೇಕೆ ಎನ್ನುವವರು ನಮ್ಮ ಸಂತೆಯ ಕಟ್ಟೆಯನ್ನೂ ಗದ್ದೆಯ ಬದುವನ್ನೂ ಜಾತ್ರೆಯ ಮರದ ನೆರಳನ್ನೂ ನೆನೆಯಲಿ. ಅಲ್ಲಿ ಕೂಸಿಗೆ ಮೊಲೆಯೂಡುವವಳು ಯಾರ ಅಪ್ಪಣೆಯನ್ನೂ ಬೇಡಲಿಲ್ಲ; ಹಾದುಹೋಗುವವನು ಮುಖ ತಿರುಗಿಸಿ ನಡೆಯುತ್ತಿದ್ದನು. ಸೆರಗಿನ ಮರೆ ಅರ್ಧ ಅವಳದಾದರೆ ಇನ್ನರ್ಧ ಅವನ ಸಂಸ್ಕಾರದ್ದು. ಆ ಇನ್ನರ್ಧವು ಈಗ ಕೈಯಲ್ಲಿ ಮೊಬೈಲು ಹಿಡಿದು ನಿಂತಿರುವಾಗ, ಅದನ್ನು ತಿದ್ದುವುದನ್ನು ಬಿಟ್ಟು ಅವಳನ್ನು ನಾಲ್ಕು ಗೋಡೆಗಳ ನಡುವೆ ಕೂರಿಸುವುದು ಎಂಥ ಸುಧಾರಣೆ?

ಎಳೆಗೂಸು ದಿನವೊಂದಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕೇಳುತ್ತದೆ. ಬಸ್ಸಿನ ನಡುಸೀಟಿನಲ್ಲಿ, ಪಡಿತರದ ಸಾಲಿನಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ಅದು ಕೇಳಿದಾಗ ಯಾವ ಕೊಠಡಿಯನ್ನು ಹುಡುಕುವುದು? ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ, ರಾಷ್ಟ್ರಪತಿಗಳ ಸಮ್ಮತಿಗೊಳಪಟ್ಟು, ಕರ್ನಾಟಕದ ವಿಧಾನಮಂಡಲವೇ ಎರಡು ವಾಕ್ಯಗಳನ್ನು ಸೇರಿಸಬಹುದು: ತಡೆಯುವವನಿಗೆ ದಂಡ, ಚಿತ್ರ ತೆಗೆಯುವವನಿಗೆ, ಸ್ಥಳ ಯಾವುದೇ ಇರಲಿ, 77ನೆಯ ಕಲಂ. ಇದಕ್ಕೆ ಇಟ್ಟಿಗೆ ಬೇಡ, ಗಾರೆ ಬೇಡ, ಟೆಂಡರಂತೂ ಬೇಡವೇ ಬೇಡ. ಇಷ್ಟು ದಿನ ಆಗದಿರುವುದಕ್ಕೆ ಬಹುಶಃ ಅದೇ ಕಾರಣವಿದ್ದೀತು.