ಆರೋಗ್ಯವು ವರ್ಷದ ಜಾತ್ರೆಯಲ್ಲ

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಕಾಲ್ನಡೆಯಿಂದ ಏರುವ ನಮ್ಮ ಪಟ್ಟಣಿಗರು, ಮರುದಿನ ಒಂದು ಮೈಲು ದೂರದ ಕಚೇರಿಗೆ ಮೋಟಾರ ಸೈಕಲ್ಲಿಲ್ಲದೆ ಹೊರಡಲಾರರು. ವರ್ಷಕ್ಕೊಮ್ಮೆಯ ಉತ್ಸಾಹವು ಭಕ್ತಿಗೆ ಸಾಕಾದೀತು, ದೇಹಕ್ಕೆ ಸಾಲದು.

ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಇಂದು ಬೈಲಹೊಂಗಲ, ರಾಮದುರ್ಗಗಳ ಹಲವು ಮನೆಗಳ ಮಾತಾಗಿವೆ. ರಕ್ತದೊತ್ತಡವು ಸದ್ದಿಲ್ಲದೆ ಬೆಳೆಯುವದು. ದುಡಿಯುವವನು ಒಂದು ದಿನ ಲಕ್ವಾ ಹೊಡೆದು ಮಲಗುವನು. ಆಗ ಬೀಳುವದು ಅವನೊಬ್ಬನಲ್ಲ, ಇಡೀ ಸಂಸಾರ.

ವೈದ್ಯರು ಕೊಟ್ಟ ಔಷಧಿಯನ್ನು ಬಿಡಿರೆಂದು ನಾವು ಹೇಳುವದಿಲ್ಲ. ಆದರೆ ವಾರಕ್ಕೆ 150 ನಿಮಿಷಗಳಾದರೂ ಚುರುಕಾದ ನಡಿಗೆ, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು. ಕಚೇರಿಗೆ ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ ನಡೆದರೆ ಐದೇ ದಿನಗಳಲ್ಲಿ ಲೆಕ್ಕ ತುಂಬಿತು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಆ 5 ಗ್ರಾಮಿನಲ್ಲಿಯೇ ಸೇರತಕ್ಕದ್ದು. 2023ನ್ನು ಜಗತ್ತು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಮ್ಮ ಜೋಳವೂ ಅವುಗಳಲ್ಲೊಂದು. ರೊಟ್ಟಿ, ಕಾಳುಪಲ್ಯಗಳು ನಮಗೆ ಹೊಸ ಪಾಠವೇ? ಬಿಟ್ಟುದನ್ನು ಮರಳಿ ಹಿಡಿದರಾಯಿತು.

ಹೊಸ ರೂಢಿಯನ್ನು ಹಳೆಯ ರೂಢಿಯ ಬೆನ್ನಿಗೆ ಕಟ್ಟಬೇಕು. ರಾತ್ರಿ ಊಟವಾದೊಡನೆ ತಂಬಾಕಿನ ಚಂಚಿಗೆ ಹೋಗುವ ಕೈಯನ್ನು ತಡೆದು, ಓಣಿಯಲ್ಲಿ ಒಂದು ಸುತ್ತು ಹಾಕಿ ಬರುವದು ಯಾರಿಗೆ ಅಸಾಧ್ಯ?

1824ರಲ್ಲಿ ಪರರ ಆಳಿಕೆಯನ್ನು ಎದುರಿಸಿದ ಕಿತ್ತೂರಿನ ನೆಲದವರು ನಾಲಿಗೆಯ ಆಳಿಕೆಗೆ ತಲೆಬಾಗುವದು ಶೋಭಿಸದು. ವಾಚಕರೇ, ನಾಳೆ ಕಚೇರಿಗೆ ನಡೆದು ಹೋಗಿರಿ, ನಾಡಿದ್ದೂ ನಡೆಯಿರಿ.